ಆ ಕಲ್ಲು ಮುಳುಗಿದರೆ ಹೇಳು

ರಜೆಯಲ್ಲಿ ಒಂದು ದಿನ ಕಾಡಿನ ಒಳಗಿರುವ ಜಲಪಾತಕ್ಕೆ ನಡೆದು ಹೋಗಬೇಕು ಅಂತ ಮಕ್ಕಳದ್ದು ಒಂದೇ ಹಟ. ಮಗಳಿಗೆ 11, ಮಗನಿಗೆ 6. ಜೊತೆಗೆ ನಮ್ಮತ್ತೆ, 67 ವರ್ಷ. ಏರು ಹತ್ತೋದು ಅವರಿಗೆ ಕಷ್ಟವಲ್ಲ, ಇಳಿಯುವಾಗ ಮಂಡಿ ನೋಯುತ್ತದೆ. ದಾರಿ ಒಂದು ಕಡೆಗೆ ಮೂರೂವರೆ ಕಿಲೋಮೀಟರ್, ಏರು ಸುಮಾರು 300 ಮೀಟರ್. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಬಿಸಿಲು, ಬೆವರು, ಕೆಸರು ಎಲ್ಲಾ ಇರುವ ಮಳೆಕಾಡಿನಲ್ಲಿ ಮೂರೂವರೆ ಕಿಲೋಮೀಟರ್ ಅಂದರೆ ಬೇರೆಯೇ ಲೆಕ್ಕ.

ಹಿಂದಿನ ರಾತ್ರಿ ಕಾಗದ ಹಿಡಿದು ಕೂತೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕವೊಂದು ಇವತ್ತಿಗೂ ಚಾರಣಿಗರ ಬಳಕೆಯಲ್ಲಿದೆ. ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ನಮಗೆ 1 ಗಂಟೆ 12 ನಿಮಿಷ ಸಾಕು. ಆದರೆ ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ನಾನು ಅದನ್ನು ಎರಡು ಪಟ್ಟು ಮಾಡುತ್ತೇನೆ. ನಿಜಕ್ಕೂ ಹಿಡಿದದ್ದು 2 ಗಂಟೆ 40 ನಿಮಿಷ.

ಆಮೇಲೆ ಮಳೆಯ ಲೆಕ್ಕ. ಉಷ್ಣವಲಯದಲ್ಲಿ ಬೆಳಗಿನ ಬಿಸಿಲಿಗೆ ನೆಲ ಕಾಯುತ್ತದೆ, ತೇವದ ಗಾಳಿ ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಸುರಿಯುತ್ತದೆ. ಸಂಜೆಯೂ ಅಲ್ಲಿ ಬೇಗ ಮುಗಿದು ಹೋಗುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಆರು ಗಂಟೆಯ ಆಚೀಚೆಯೇ ಸೂರ್ಯ ಮುಳುಗೋದು. ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು, ಮರಗಳ ಕೆಳಗೆ ಅದಕ್ಕೂ ಮುಂಚೆ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಹೊರಡೋದು, ಏನೇ ಆದರೂ 11ಕ್ಕೆ ಜಲಪಾತದಿಂದ ಎದ್ದು ಬರೋದು ಅಂತ ತೀರ್ಮಾನ ಮಾಡಿದೆ. ಜಲಪಾತ ಸಿಗದಿದ್ದರೂ 11ಕ್ಕೆ ವಾಪಸ್. ಇದನ್ನು ರಾತ್ರಿಯೇ ಎಲ್ಲರಿಗೂ ಹೇಳಿ ಒಪ್ಪಿಸಿದ್ದೆ. ನೀರು ನೋಡಿದ ಮೇಲೆ ಮಕ್ಕಳು ಬಿಡಿ, ದೊಡ್ಡವರೂ ಮಾತು ಕೇಳೋದಿಲ್ಲ.

ಐದು ಜನಕ್ಕೆ ಏಳು ಲೀಟರ್ ನೀರು ಹೊತ್ತೆವು. ಏಳು ಲೀಟರ್ ಅಂದರೆ ಏಳು ಕೆಜಿ, ಭಾರವೇ. ಆದರೆ ಅಂಥ ಗಾಳಿಯಲ್ಲಿ ಬೆವರು ಆರೋದೇ ಇಲ್ಲ, ಸುಮ್ನೆ ಸುರಿಯುತ್ತದೆ. ಬೆವರು ಆರದಿದ್ದರೆ ಮೈ ತಣ್ಣಗಾಗೋದಿಲ್ಲ. ಆದ್ದರಿಂದ ಬರೀ ನೀರು ಕುಡಿದರೆ ಸಾಲದು, ಆಗಾಗ ನಿಲ್ಲಲೇಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತೆವು. ಒಂದು ಬಾಟಲಿಯಲ್ಲಿ ಮನೆಯಲ್ಲೇ ಮಾಡಿದ ಉಪ್ಪು ಸಕ್ಕರೆ ನೀರಿತ್ತು: 1 ಲೀಟರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅತ್ತೆಯನ್ನು ಎಲ್ಲರಿಗಿಂತ ಮುಂದೆ ಬಿಟ್ಟೆವು. ನಿಧಾನ ನಡೆಯುವವರು ಹಿಂದೆ ಇದ್ದರೆ ಅವರಿಗೆ ಯಾವಾಗಲೂ ಓಡಿ ಬಂದು ಸೇರಿಕೊಳ್ಳುವ ಗೋಳು. ಮುಂದೆ ಇದ್ದರೆ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ.

ಅರ್ಧ ದಾರಿಯಲ್ಲಿ ಮಗನ ಕಣಕಾಲಿಗೆ ಜಿಗಣೆ ಹತ್ತಿತು. ಅವನು ಅಳಲು ಶುರು ಮಾಡುವ ಮುಂಚೆಯೇ ಅವನನ್ನು ಕೂರಿಸಿಕೊಂಡೆ. ಸಣ್ಣ ತುದಿ ಬಾಯಿ, ದಪ್ಪ ತುದಿ ಹಿಂಭಾಗ, ಎರಡೂ ಕಡೆ ಹಿಡಿದಿರುತ್ತದೆ. ಚರ್ಮವನ್ನು ಸ್ವಲ್ಪ ಬಿಗಿ ಹಿಡಿದು, ಸಣ್ಣ ತುದಿಯ ಕೆಳಗೆ ಉಗುರನ್ನು ಮೆಲ್ಲಗೆ ಜಾರಿಸಿದೆ. ಅದು ಬಿಟ್ಟಿತು. ಆಮೇಲೆ ಇನ್ನೊಂದು ತುದಿ. ಬೆಂಕಿಯನ್ನೋ ಉಪ್ಪನ್ನೋ ತಾಗಿಸಬಾರದು, ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೆ ಕಕ್ಕಬಹುದು. ಜಿಗಣೆಯ ಎಂಜಲಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆ, ಅದಕ್ಕೇ ಚುಕ್ಕೆಯಷ್ಟು ಗಾಯದಿಂದ ತುಂಬಾ ಹೊತ್ತು ರಕ್ತ ಒಸರುತ್ತದೆ. ಬಟ್ಟೆ ಒತ್ತಿ ಕಟ್ಟಿ, "ಇಷ್ಟೇ ಪುಟ್ಟ" ಅಂದೆ. ಮುಂದೆ ಅವನೇ ಎಲ್ಲರ ಕಾಲು ತಪಾಸಣೆ ಮಾಡುತ್ತಾ ಬಂದ.

ಜಲಪಾತಕ್ಕೆ ಹತ್ತು ನಿಮಿಷ ಮುಂಚೆ ದಾರಿ ಹಳ್ಳವನ್ನು ದಾಟುತ್ತದೆ. ಬೆಳಿಗ್ಗೆ ಅಲ್ಲಿ ಕಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ತಿಳಿ ನೀರು, ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ನಗುತ್ತಾ ದಾಟಿದೆವು.

ಜಲಪಾತ ತಲುಪಿದಾಗ 9:10. ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದ, ಎದುರಿನ ತುಂತುರಿನಲ್ಲಿ ಕಾಮನಬಿಲ್ಲು. ಬಿಲ್ಲು ಕಾಣಬೇಕಾದರೆ ಸೂರ್ಯ ಬೆನ್ನಿಗೇ ಇರಬೇಕು, ಬೆಳಿಗ್ಗೆ ಬೇಗ ಬಂದಿದ್ದಕ್ಕೆ ಸಿಕ್ಕ ಲಾಭ ಅದು.

ಬೀಳುವ ನೀರಿನ ಕೆಳಗೆ ಹೋಗಲು ಯಾರನ್ನೂ ಬಿಡಲಿಲ್ಲ. ಮೇಲಿಂದ ಕಲ್ಲು, ಕೊಂಬೆ ಯಾವಾಗ ಬೇಕಾದರೂ ಬೀಳಬಹುದು. ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಬುಡದಲ್ಲಿ ಬಿಳಿ ನೊರೆಯಾಗಿ ಕುದಿಯುವ ನೀರಿನಲ್ಲಿ ಗಾಳಿ ತುಂಬಿರುತ್ತದೆ, ಅದು ಮಾಮೂಲಿ ನೀರಿನಷ್ಟು ಮೈಯನ್ನು ಎತ್ತಿ ಹಿಡಿಯೋದಿಲ್ಲ. ಈಜು ಬಲ್ಲವರೂ ಅಲ್ಲಿ ಮುಳುಗುತ್ತಾರೆ. ಸ್ವಲ್ಪ ಕೆಳಗೆ ನೀರು ಶಾಂತವಾಗಿ ಹರಡಿದ ಜಾಗ ಹುಡುಕಿ, ಕೋಲಿನಿಂದ ಆಳ ನೋಡಿ, ಅಪ್ಪ ಮಗ ಇಳಿದರು. ಕಾಲಿಗೆ ಕಟ್ಟಿದ್ದ ಬಟ್ಟೆಯ ಮೇಲೆ ನೀರು ಹೋಗದ ಪಟ್ಟಿ ಬಿಗಿದು, ಮಗನನ್ನು ಅಪ್ಪನ ಹೆಗಲ ಮೇಲೆ ಕೂರಿಸಿ ಕಳಿಸಿದೆ.

ಮಗಳನ್ನು ಇಳಿಸಲಿಲ್ಲ. ಹೊಸ ಶೂ ಅವಳ ಎರಡೂ ಹಿಮ್ಮಡಿ ತರಚಿತ್ತು. ಕಾಡಿನ ನೀರಿನಲ್ಲಿ ಪ್ರಾಣಿಗಳ ಮೂತ್ರ ಸೇರಿರುತ್ತದೆ, ಇಲಿ ಜ್ವರದ ಸೂಕ್ಷ್ಮಜೀವಿ ಒಡೆದ ಚರ್ಮದ ಮೂಲಕ ಒಳಗೆ ಹೋಗುತ್ತದೆ. ವಿವರಿಸಿ ಹೇಳಿದೆ. ಅವಳಿಗೆ ಅರ್ಥವಾಯಿತು, ಬೇಸರ ಹೋಗಲಿಲ್ಲ. ಎರಡು ಗಂಟೆ ನಡೆದು ಬಂದು ದಡದಲ್ಲಿ ಕೂರಬೇಕು ಅಂದರೆ ಯಾರಿಗೆ ಬೇಸರವಾಗಲ್ಲ?

ನೀರಿನ ಅಂಚಿನಲ್ಲಿ ಒಂದು ಕಪ್ಪು ಕಲ್ಲಿತ್ತು. ಅದರ ನೆತ್ತಿ ನೀರಿನಿಂದ ಮೂರು ಬೆರಳು ಮೇಲೆ. "ಇದು ಇವತ್ತು ನಿನ್ನ ಕೆಲಸ. ಆ ಕಲ್ಲು ಮುಳುಗಿದರೆ ಹೇಳು. ಕೂಗಿದರೆ ಕೇಳಿಸಲ್ಲ, ಸೀಟಿ ಊದು" ಅಂದೆ. ಸುಮ್ನೆ ಸಮಾಧಾನಕ್ಕೆ ಕೊಟ್ಟ ಕೆಲಸವಲ್ಲ ಅದು. ಪ್ರತಿ ಸಲ ನಾನೇ ಮಾಡುವ ಕೆಲಸ. ಅವಳು ತನ್ನ ಪುಟ್ಟ ನೋಟ್‌ಬುಕ್ ತೆಗೆದು ಹತ್ತು ನಿಮಿಷಕ್ಕೊಮ್ಮೆ ಬರೆಯತೊಡಗಿದಳು. 9:30, ಮೂರು ಬೆರಳು. 9:40, ಮೂರು ಬೆರಳು.

10:18ಕ್ಕೆ ಸೀಟಿ ಕೇಳಿತು. ಮೂರು ಸಲ.

ತಲೆ ಎತ್ತಿದರೆ ಆಕಾಶ ನೀಲಿ, ಒಂದು ಹನಿ ಮಳೆ ಇಲ್ಲ. ಆದರೆ ಕಲ್ಲು ಕಾಣುತ್ತಿರಲಿಲ್ಲ. ನೀರಿನ ಬಣ್ಣ ಚಹಾದ ಹಾಗಾಗಿತ್ತು, ಮೇಲೆ ಒಣಗಿದ ಎಲೆ, ಕಡ್ಡಿ ತೇಲಿ ಬರುತ್ತಿದ್ದವು. ಬೆಟ್ಟದ ಮೇಲೆ ಎಲ್ಲೋ ಮಳೆ ಬಿದ್ದಿತ್ತು. ಹಳ್ಳ ಉಕ್ಕಲು ನಮ್ಮ ತಲೆಯ ಮೇಲೆ ಮಳೆ ಬರಬೇಕಾಗಿಲ್ಲ. ಅಪ್ಪ ಮಗ ಆಗಲೇ ದಡ ಹತ್ತಿದ್ದರು. ಯಾರೂ "ಇನ್ನೈದು ನಿಮಿಷ" ಅನ್ನಲಿಲ್ಲ. ಒದ್ದೆ ಬಟ್ಟೆಯಲ್ಲೇ ಚೀಲ ಹೆಗಲಿಗೇರಿಸಿ ಹೊರಟೆವು.

ಬೆಳಿಗ್ಗೆ ದಾಟಿದ ಜಾಗದಲ್ಲಿ ಈಗ ನನ್ನ ಮಂಡಿಯವರೆಗೆ ಬರುವಷ್ಟು ಕೆಂದು ನೀರು. ತಳ ಕಾಣುತ್ತಿಲ್ಲ. ಇವರು ಮಗನನ್ನು ಎತ್ತಿಕೊಂಡರು. "ನಾಲ್ಕೇ ಹೆಜ್ಜೆ, ಮೊದಲು ಇವನನ್ನ ದಾಟಿಸಿ ಬರ್ತೀನಿ."

"ಬೇಡ ಕಣ್ರೀ. ಇಳೀಬೇಡಿ."

ಓಡುವ ನೀರು ಮಂಡಿಗೆ ಬಂದರೆ ದೊಡ್ಡವರ ಕಾಲನ್ನೂ ಕಿತ್ತು ಹಾಕುತ್ತದೆ. ಹೆಗಲ ಮೇಲೆ ಮಗು ಇದ್ದರೆ ಬಿದ್ದಾಗ ಹಿಡಿದುಕೊಳ್ಳಲು ಕೈಯೂ ಇರೋದಿಲ್ಲ. ಇವರು ಒಂದು ಕ್ಷಣ ನೀರನ್ನೇ ನೋಡಿದರು. ಅಷ್ಟರಲ್ಲಿ ಅತ್ತೆ ಆಗಲೇ ದಿಬ್ಬದ ಮೇಲೆ ಒಂದು ಬೇರಿನ ಮೇಲೆ ಕೂತು ಚೀಲ ಬಿಚ್ಚುತ್ತಿದ್ದರು. "ಬಾರೋ ಮೇಲೆ. ಅವಸರ ನೀರಿಗಿರ್ಲಿ, ನಮಗ್ಯಾಕೆ?" ಅಂದರು. ಇವರು ಮಗನನ್ನು ಇಳಿಸಿ ಮೇಲೆ ಬಂದರು.

ಗಂಟೆ ಹತ್ತೂವರೆ. ಕತ್ತಲಾಗಲು ಏಳು ಗಂಟೆಗಿಂತ ಜಾಸ್ತಿ ಹೊತ್ತಿತ್ತು. ಎರಡು ಲೀಟರ್ ನೀರು, ಮಧ್ಯಾಹ್ನದ ಬುತ್ತಿ, ಎರಡು ಟಾರ್ಚು, ಮಳೆ ಕೋಟು ಎಲ್ಲಾ ಇದ್ದವು. ನಾವು ಹತ್ತು ಗಂಟೆಗೆ ಹೊರಟು ಮಧ್ಯಾಹ್ನ ಅಲ್ಲಿ ಇದ್ದಿದ್ದರೆ, ಇದೇ ಹಳ್ಳ ನಾಲ್ಕು ಗಂಟೆಗೆ ಎದುರಾಗಿದ್ದರೆ, ಕಾಯೋಣ ಅನ್ನುವ ಧೈರ್ಯ ನನಗೂ ಇರುತ್ತಿರಲಿಲ್ಲವೇನೋ. ಹೊತ್ತು ಕೈಯಲ್ಲಿ ಇತ್ತು, ಅದಕ್ಕೇ ಕೂತೆವು.

ನೀರಿನ ಅಂಚಿಗೆ ಒಂದು ಕೋಲು ನೆಟ್ಟೆವು. ಮಗಳು ಮತ್ತೆ ಬರೆಯಲು ಕೂತಳು. ಮಗ ಉದುರಿದ ಎಲೆಗಳನ್ನು ಆರಿಸಿ ಅಜ್ಜಿಯ ಮಡಿಲಿಗೆ ಹಾಕುತ್ತಿದ್ದ. ಬೇರೆ ಬೇರೆ ಮರದ ಎಲೆಗಳು, ಆದರೂ ಸುಮಾರು ಎಲ್ಲದರ ತುದಿಯೂ ಇಲಿ ಬಾಲದ ಹಾಗೆ ಉದ್ದಕ್ಕೆ ಚೂಪಾಗಿತ್ತು. ಮಳೆಕಾಡಿನ ಎಲೆಗಳೇ ಹಾಗೆ, ಬಿದ್ದ ನೀರು ಆ ತುದಿಯಿಂದ ಬೇಗ ಜಾರಿ ಹೋಗುತ್ತದೆ. ಅತ್ತೆ ಒಂದು ಎಲೆ ಹಿಡಿದು ಮೇಲೆ ಬಾಟಲಿಯಿಂದ ನಾಲ್ಕು ಹನಿ ಬಿಟ್ಟರು. ಹನಿಗಳು ನಡುನರದಲ್ಲಿ ಓಡಿ ಬಂದು, ಬಾಲದ ತುದಿಯಲ್ಲಿ ಒಂದಾಗಿ, ಟಪ್ ಅಂತ ಮಗನ ಅಂಗೈಗೆ ಬಿದ್ದವು. ಅದನ್ನೇ ಎಷ್ಟು ಸಲ ಮಾಡಿಸಿದನೋ.

12:10ರ ಹೊತ್ತಿಗೆ ನೀರು ಕೋಲಿನಿಂದ ಒಂದು ಗೇಣು ಕೆಳಗೆ ಇಳಿದಿತ್ತು. ಇನ್ನೂ ಅರ್ಧ ಗಂಟೆ ಕಾದೆವು. ತಳದ ಕಲ್ಲುಗಳು ಕಂಡ ಮೇಲೆ, ಕಣಕಾಲಿನ ನೀರಿನಲ್ಲಿ ಒಬ್ಬೊಬ್ಬರಾಗಿ ಕೈ ಹಿಡಿದು ದಾಟಿದೆವು. ಮಗಳ ಹಿಮ್ಮಡಿಗೂ ಪಟ್ಟಿ ಹಾಕಿ, ಅವಳನ್ನು ಅಪ್ಪ ಬೆನ್ನ ಮೇಲೆ ಹೊತ್ತರು. ಎರಡು ಗಂಟೆಗೆ ದಾರಿಯಲ್ಲಿ ಮಳೆ ಹಿಡಿಯಿತು, ಅತ್ತೆಗೆ ಎರಡು ಕೋಲು ಕೊಟ್ಟು ನಿಧಾನಕ್ಕೆ ಇಳಿಸಿದೆವು. ಮೂರೂವರೆಗೆ ಕೆಳಗೆ ಬಂದೆವು.

ರಾತ್ರಿ ಎಲ್ಲರ ಕಾಲು ಸೋಪು ಹಾಕಿ ತೊಳೆದು, ಬೆರಳ ಸಂದಿಯೆಲ್ಲಾ ನೋಡಿ, ಶೂಗಳೊಳಗೆ ಹಳೆ ಪೇಪರ್ ತುರುಕಿ ಇಟ್ಟೆ. ಆಮೇಲೆ ಮಗಳ ನೋಟ್‌ಬುಕ್ ಕೇಳಿ ತಗೊಂಡು, "10:18, ಕಲ್ಲು ಇಲ್ಲ" ಅಂತ ಅವಳು ಬರೆದಿದ್ದ ಹಾಳೆಯ ಮೇಲೆ ಅವತ್ತಿನ ತಾರೀಖು ಹಾಕಿದೆ. ಇಲಿ ಜ್ವರ ಕಾಣಿಸಿಕೊಳ್ಳಲು ಒಂದು ತಿಂಗಳವರೆಗೂ ಹಿಡಿಯಬಹುದು. ಅಷ್ಟರೊಳಗೆ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗೆ ತೋರಿಸಲು ಆ ಹಾಳೆ ಬೇಕಾಗುತ್ತಿತ್ತು. ಯಾರಿಗೂ ಬರಲಿಲ್ಲ. ಹಾಳೆ ಮಾತ್ರ ಅವಳ ಮೇಜಿನ ಮೇಲಿನ ಗೋಡೆಯಲ್ಲಿ ಇನ್ನೂ ಇದೆ, ಜೊತೆಗೆ ಅಂಟಿಸಿದ ಒಂದು ಬಾಲದೆಲೆ.