ವಿಡಿಯೊ ನಿಲ್ಲಿಸಿ, ಕಮಾಂಡ್ ಕೊಡಿ

ನೆಟ್‌ವರ್ಕಿಂಗ್ ವಿಡಿಯೊ ನೋಡುತ್ತಿರುವಾಗ ಎಲ್ಲವೂ ಅರ್ಥವಾದ ಹಾಗೇ ಇರುತ್ತದೆ. ಪಾಠ ಮಾಡುವವರು ರೌಟರ್‌ಗೆ ಐಪಿ ಕೊಡುತ್ತಾರೆ, ಪಿಂಗ್ ಮಾಡುತ್ತಾರೆ (ಎದುರಿನ ಯಂತ್ರ ಮುಟ್ಟುತ್ತದೆಯೇ ಎಂದು ಕೇಳುತ್ತಾರೆ), ಉತ್ತರ ಬರುತ್ತದೆ. ಅದನ್ನೇ ನೀವು ಮಾಡಲು ಕೂತರೆ ಪಿಂಗ್ ಹೋಗುವುದಿಲ್ಲ. ಯಾಕೆ ಹೋಗಲಿಲ್ಲ ಎಂದು ಹುಡುಕುವುದಕ್ಕೇ ಈ ಕೆಲಸದಲ್ಲಿ ಸಂಬಳ ಕೊಡುವುದು. ಆ ಹುಡುಕಾಟ ಮಾತ್ರ ವಿಡಿಯೊದಲ್ಲಿ ಕಾಣುವುದೇ ಅಪರೂಪ, ಎಡಿಟಿಂಗ್‌ನಲ್ಲಿ ಕತ್ತರಿಸಿ ಹೋಗಿರುತ್ತದೆ. ಹಾಗಾಗಿ ಲೆಕ್ಕ ಹೀಗಿರಲಿ: 20 ನಿಮಿಷದ ವಿಡಿಯೊಗೆ ಕನಿಷ್ಠ ಒಂದು ಗಂಟೆ ನಿಮ್ಮದೇ ಪ್ರಯೋಗ.

ಮೊದಲು ತಾರೀಖು ನೋಡಿ

ಹಳೆಯ ವಿಡಿಯೊ ಪೂರ್ತಿ ವ್ಯರ್ಥವೇನಲ್ಲ. ಸಬ್‌ನೆಟ್ಟಿಂಗ್, ಎಆರ್‌ಪಿ, ಟಿಸಿಪಿ ಪಾಠ ಹತ್ತು ವರ್ಷ ಹಳೆಯದಾದರೂ ನಡೆಯುತ್ತದೆ. ಆದರೆ ನೆಟ್‌ವರ್ಕ್ ಸಾಧನ ತಯಾರಿಸುವ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪ್ರಮಾಣಪತ್ರ ಪರೀಕ್ಷೆ 2020ರ ಫೆಬ್ರವರಿಯಲ್ಲಿ 200-301 ಎಂಬ ಹೊಸ ಸಂಖ್ಯೆಗೆ ಬದಲಾಯಿತು. ಶೀರ್ಷಿಕೆಯಲ್ಲಿ ಹಳೆಯ ಸಂಖ್ಯೆ 200-125 ಎಂದಿದ್ದರೆ ಪರೀಕ್ಷೆಗೆಂದು ನೋಡುವವರು ಬಿಟ್ಟುಬಿಡಿ. ಸಿಸ್ಕೊ ತಾಣದಲ್ಲಿರುವ ಈಗಿನ ಪಠ್ಯವಿಷಯದ ಪಟ್ಟಿಯನ್ನು ಮುದ್ರಿಸಿಕೊಂಡು, ನೋಡಿದ ಪಾಠಕ್ಕೆ ಗುರುತು ಹಾಕುತ್ತಾ ಹೋಗಿ.

ಲಿನಕ್ಸ್ ಕಡೆ ಇನ್ನೂ ಹುಷಾರಾಗಿರಬೇಕು. ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆವೃತ್ತಿಗೆ 2024ರ ಜೂನ್ 30ಕ್ಕೆ ಬೆಂಬಲ ಮುಗಿದಿದೆ. ಅದರ ಹಳೆಯ ವಿಡಿಯೊ ನೋಡಿ ಇನ್‌ಸ್ಟಾಲ್ ಮಾಡಿದರೆ ಪ್ಯಾಕೇಜ್ ಇಳಿಸುವ ಯಮ್ ಕಮಾಂಡ್‌ಗೆ ಮಿರರ್ (ಪ್ಯಾಕೇಜ್ ಇಟ್ಟಿರುವ ಸರ್ವರ್) ಸಿಗದೆ ಮೊದಲ ದಿನವೇ ಸೋಲುತ್ತದೆ. ತಪ್ಪು ನಿಮ್ಮದಲ್ಲ. ಅದರ ಬದಲು ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ ಹಾಕಿಕೊಳ್ಳಿ. ಇಫ್‌ಕಾನ್ಫಿಗ್, ನೆಟ್‌ಸ್ಟ್ಯಾಟ್ ಎಂದು ಹೇಳಿಕೊಡುವ ಕಡೆಯಲ್ಲಿ ಈಗ ಐಪಿ ಮತ್ತು ಎಸ್‌ಎಸ್ ಕಮಾಂಡ್ ಬಳಸಬೇಕು.

ಲಿನಕ್ಸ್ ಕಮಾಂಡ್ ಲೈನ್ ಮುಟ್ಟಿಯೇ ಇಲ್ಲದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯಲ್ಲೇ ಪಾಠಗಳಿವೆ, ಒಂದೊಂದು ಸುಮಾರು 10 ನಿಮಿಷದ್ದು. ಅರ್ಧ ಪರದೆಯಲ್ಲಿ ವಿಡಿಯೊ, ಇನ್ನರ್ಧದಲ್ಲಿ ನಿಮ್ಮ ಟರ್ಮಿನಲ್ ಇಟ್ಟುಕೊಂಡು ಮಾಡುವ ಕ್ರಮ ಅದು. ಕ್ರಮ ಒಳ್ಳೆಯದು, ಬೇರೆ ಯಾವ ವಿಡಿಯೊಗೂ ಅದನ್ನೇ ಅನುಸರಿಸಿ.

ಪ್ಯಾಕೆಟ್ ಟ್ರೇಸರ್‌ನಲ್ಲಿ ಮೊದಲ ಜಾಲ

ನಿಜವಾದ ರೌಟರ್ ಕೊಳ್ಳಲು ದುಡ್ಡು ಹಾಕಬೇಡಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪರದೆಯ ಮೇಲೆಯೇ ಜಾಲ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತ. ಒಂದು 2911 ರೌಟರ್, ಎರಡು 2960 ಸ್ವಿಚ್, ನಾಲ್ಕು ಪಿಸಿ ಎಳೆದು ಹಾಕಿ. ಕೇಬಲ್ ಎಲ್ಲ ಕಡೆಯೂ ಸ್ಟ್ರೇಟ್ ಥ್ರೂ. ಒಂದು ಕಡೆಗೆ 192.168.10.0/26, ಇನ್ನೊಂದು ಕಡೆಗೆ 192.168.10.64/26 ಕೊಡಿ. /26 ಎಂದರೆ 64 ವಿಳಾಸಗಳ ಗುಂಪು, ಬಳಸಲು ಸಿಗುವುದು 62. ರೌಟರ್‌ನ ಎರಡು ಪೋರ್ಟ್‌ಗಳಿಗೆ .1 ಮತ್ತು .65. ಪಿಸಿಗಳಿಗೆ ಆಯಾ ಕಡೆಯ ರೌಟರ್ ವಿಳಾಸವೇ ಗೇಟ್‌ವೇ, ಅಂದರೆ ಆಚೆಯ ಜಾಲಕ್ಕೆ ಹೋಗುವ ಬಾಗಿಲು.

ಇಲ್ಲಿ ಹೊಸಬರನ್ನು ಗಾಬರಿಗೊಳಿಸುವ ನಾಲ್ಕು ಸಂಗತಿಗಳಿವೆ. ರೌಟರ್ ಪೋರ್ಟ್‌ನ ಗುರುತು ಕೆಂಪಾಗಿಯೇ ಉಳಿದರೆ ಅದು ಕೆಟ್ಟಿಲ್ಲ. ರೌಟರ್ ಪೋರ್ಟ್‌ಗಳು ಶುರುವಿನಲ್ಲಿ ಮುಚ್ಚಿರುತ್ತವೆ, ‘ನೋ ಶಟ್‌ಡೌನ್’ ಕೊಡಬೇಕು. ಸ್ವಿಚ್‌ನ ಗುರುತು ಕಿತ್ತಳೆ ಬಣ್ಣದಲ್ಲಿ ನಿಂತರೆ ಸುಮಾರು 30 ಸೆಕೆಂಡ್ ಕಾಯಿರಿ: ಜಾಲದಲ್ಲಿ ಸುತ್ತು ದಾರಿ (ಲೂಪ್) ಆಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ದಾರಿ ಬಿಡುತ್ತದೆ. ಅಷ್ಟರೊಳಗೆ ಪಿಂಗ್ ಮಾಡಿ ‘ಏನೋ ತಪ್ಪಾಯಿತು’ ಎಂದು ಸೆಟ್ಟಿಂಗ್ ಬದಲಿಸುತ್ತಾ ಹೋದರೆ ಸರಿಯಿದ್ದದ್ದೂ ಕೆಡುತ್ತದೆ. ಮೂರನೆಯದು, ಮೊದಲ ಪಿಂಗ್‌ನ ಮೊದಲ ಪ್ಯಾಕೆಟ್ ಟೈಮ್‌ಔಟ್ ಆಗುವುದು ಸಹಜ. ಆ ಹೊತ್ತಿಗೆ ಎಆರ್‌ಪಿ ಇನ್ನೂ ಎದುರಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಕೇಳುತ್ತಿರುತ್ತದೆ. ಎರಡನೆಯ ಸಲ ನಾಲ್ಕಕ್ಕೆ ನಾಲ್ಕೂ ಬಂದರೆ ಜಾಲ ಸರಿಯಿದೆ. ಕೊನೆಯದು, ಕಮಾಂಡ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ರೌಟರ್ ಅದನ್ನು ಯಾವುದೋ ಕಂಪ್ಯೂಟರಿನ ಹೆಸರೆಂದುಕೊಂಡು ಹೆಸರಿಗೆ ಐಪಿ ಹೇಳುವ ಡಿಎನ್‌ಎಸ್‌ನಲ್ಲಿ ಹುಡುಕುತ್ತಾ ಕೂರುತ್ತದೆ. ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ ಹೊರಗೆ ಬನ್ನಿ. ಮತ್ತೆ ಕಾಡದಿರಲು ‘ನೋ ಐಪಿ ಡೊಮೈನ್-ಲುಕಪ್’ ಹಾಕಿಡಿ.

ಎಲ್ಲ ಓಡಿದ ಮೇಲೆ ಒಂದು ಪಿಸಿಯ ಗೇಟ್‌ವೇ ಅಳಿಸಿ. ಪಕ್ಕದ ಪಿಸಿಗೆ ಪಿಂಗ್ ಹೋಗುತ್ತದೆ, ಆಚೆ ಕಡೆಯ ಪಿಸಿಗೆ ಹೋಗುವುದಿಲ್ಲ. ಯಾವುದಕ್ಕೆ ಹೋಗುತ್ತದೆ, ಯಾವುದಕ್ಕೆ ಇಲ್ಲ ಎಂದು ಪುಸ್ತಕದಲ್ಲಿ ಬರೆದಿಡಿ. ಕಚೇರಿಯಲ್ಲಿ ‘ಪ್ರಿಂಟರ್ ಬರುತ್ತದೆ, ಇಂಟರ್‌ನೆಟ್ ಬರುವುದಿಲ್ಲ’ ಎಂಬ ದೂರು ಬಂದಾಗ ಈ ಪುಟವೇ ಕೆಲಸಕ್ಕೆ ಬರುವುದು.

ಸರ್ವರ್ ಪ್ರಯೋಗಶಾಲೆ

8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ತಲಾ 2 ಜಿಬಿಯ ಎರಡು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗಿನ ಕಂಪ್ಯೂಟರ್) ಓಡಿಸಬಹುದು. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಡುವ ಚಾಳಿ ಮಾತ್ರ ಬಿಡಬೇಕು. ಅದಕ್ಕೆ ವರ್ಚುವಲ್‌ಬಾಕ್ಸ್ ತಂತ್ರಾಂಶ ಹಾಕಿ, ಉಬುಂಟು ಸರ್ವರ್ 24.04 ಇಳಿಸಿಕೊಳ್ಳಿ. ಡಿಸ್ಕ್ 25 ಜಿಬಿ ಎಂದು ಕೊಟ್ಟರೂ ಬಳಸಿದಷ್ಟೇ ಜಾಗ ಹಿಡಿಯುತ್ತದೆ. ಮಷಿನ್ ಶುರುವಾಗದೆ ವಿಟಿ-ಎಕ್ಸ್ ಇಲ್ಲವೆಂದು ದೂರಿದರೆ ಬಯೋಸ್‌ಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ಶುರುವಾಗಿಯೂ ತೆವಳುತ್ತಿದ್ದರೆ ಕಿಟಕಿಯ ಕೆಳಮೂಲೆ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ವಿಂಡೋಸ್‌ನದೇ ವರ್ಚುವಲೈಸೇಶನ್ ವ್ಯವಸ್ಥೆ ಹೈಪರ್-ವಿ ಅಡ್ಡ ಬಂದಿದೆ ಎಂದರ್ಥ.

ಮುಂದಿನ ತೊಡಕು ನೆಟ್‌ವರ್ಕ್ ಅಡಾಪ್ಟರ್‌ನದು. ಸಾಮಾನ್ಯವಾಗಿ ಮೊದಲ ಅಡಾಪ್ಟರ್ ನ್ಯಾಟ್ ಮೋಡ್‌ನಲ್ಲಿರುತ್ತದೆ (ಲ್ಯಾಪ್‌ಟಾಪ್‌ನ ಮೂಲಕ ಹೊರಗೆ ಹೋಗುವ ಕ್ರಮ), ಎರಡೂ ಮಷಿನ್‌ಗೆ 10.0.2.15 ಎಂಬ ಒಂದೇ ವಿಳಾಸ ಸಿಗುತ್ತದೆ. ಒಂದರಿಂದ ಇನ್ನೊಂದಕ್ಕೆಂದು ಆ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವೂ ಬರುತ್ತದೆ! ಆದರೆ ಅದು ತನಗೆ ತಾನೇ ಕೊಟ್ಟುಕೊಂಡ ಉತ್ತರ. ಆದ್ದರಿಂದ ಮೊದಲ ಅಡಾಪ್ಟರ್ ಅನ್ನು ಪ್ಯಾಕೇಜ್ ಇಳಿಸಲು ಹಾಗೇ ಬಿಟ್ಟು, ಎರಡನೆಯದನ್ನು ಸೇರಿಸಿ ಇಂಟರ್ನಲ್ ನೆಟ್‌ವರ್ಕ್ ಎಂದು ಆಯ್ದುಕೊಳ್ಳಿ. ಅಲ್ಲಿ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಇರುವುದಿಲ್ಲ. 10.10.10.1/24 ಮತ್ತು 10.10.10.2/24 ಎಂದು ನೀವೇ ಕೊಡಬೇಕು.

ಉಬುಂಟುವಿನಲ್ಲಿ ವಿಳಾಸ ಕೊಡುವುದು ನೆಟ್‌ಪ್ಲಾನ್ ಫೈಲಿನಲ್ಲಿ. ಆ ಫೈಲಿನಲ್ಲಿ ಟ್ಯಾಬ್ ಒತ್ತಬಾರದು, ಸ್ಪೇಸ್ ಮಾತ್ರ. ಒಂದು ಸಾಲು ಅತ್ತಿತ್ತ ಸರಿದರೂ ಎರರ್. ವಿಡಿಯೊದಲ್ಲಿ ‘ನೆಟ್‌ಪ್ಲಾನ್ ಅಪ್ಲೈ’ ಎನ್ನುತ್ತಾರೆ, ನೀವು ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡ್‌ನೊಳಗೆ ಎಂಟರ್ ಒತ್ತದಿದ್ದರೆ ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ. ದೂರದ ಸರ್ವರ್‌ನಲ್ಲಿ ಕೆಲಸ ಮಾಡುವ ದಿನ ಈ ಅಭ್ಯಾಸ ನಿಮ್ಮನ್ನು ಉಳಿಸುತ್ತದೆ.

ಎರಡನೆಯ ಮಷಿನ್ ಅನ್ನು ಕ್ಲೋನ್ ಮಾಡುವವರು ಹೊಸ ಮ್ಯಾಕ್ ವಿಳಾಸ ಹುಟ್ಟಿಸುವ ಆಯ್ಕೆ ಕೊಡಲೇಬೇಕು. ಅಷ್ಟಾದರೂ ಮಷಿನ್ ಅನ್ನು ನೇರ ಮನೆಯ ಜಾಲಕ್ಕೆ ಸೇರಿಸುವ ಬ್ರಿಜ್ಡ್ ಮೋಡ್‌ನಲ್ಲಿ ಮನೆಯ ರೌಟರ್ ಎರಡಕ್ಕೂ ಒಂದೇ ಐಪಿ ಕೊಡುವುದುಂಟು. ಕಾರಣ ಇಟಿಸಿ ಫೋಲ್ಡರ್‌ನ ಮಷಿನ್-ಐಡಿ ಫೈಲ್. ಕ್ಲೋನ್‌ನೊಂದಿಗೆ ಅದೂ ನಕಲಾಗಿರುತ್ತದೆ, ಡಿಎಚ್‌ಸಿಪಿ ಕೇಳುವಾಗ ಉಬುಂಟು ಅದರಿಂದಲೇ ಗುರುತು ಹೇಳಿಕೊಳ್ಳುತ್ತದೆ. ಕ್ಲೋನ್‌ನಲ್ಲಿ ಫೈಲನ್ನು ಅಳಿಸದೆ ಒಳಗಿರುವುದನ್ನು ಮಾತ್ರ ಖಾಲಿ ಮಾಡಿ ರೀಬೂಟ್ ಮಾಡಿದರೆ ಹೊಸದು ಹುಟ್ಟುತ್ತದೆ.

ಕೆಡಿಸಿ ಸರಿಮಾಡುವ ಅಭ್ಯಾಸ

ಪ್ರತಿ ಸಲವೂ ಮೊದಲು ಸ್ನ್ಯಾಪ್‌ಶಾಟ್ (ಮಷಿನ್‌ನ ಆಗಿನ ಸ್ಥಿತಿಯ ನಕಲು) ತೆಗೆಯಿರಿ, ಆಮೇಲೆ ಕೆಡಿಸಿ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಪೋರ್ಟ್ ಅನ್ನು 22ರಿಂದ 2222ಕ್ಕೆ ಬದಲಿಸಿ ನೋಡಿ. ಹಳೆಯ ವಿಡಿಯೊದಂತೆ ಎಸ್‌ಎಸ್‌ಎಚ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೂ ಸರ್ವರ್ 22ರಲ್ಲೇ ಕೂತಿರುತ್ತದೆ. ಉಬುಂಟು 22.10ರಿಂದ ಪೋರ್ಟ್ ಹಿಡಿದಿರುವುದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಸಾಕೆಟ್. 24.04ರಲ್ಲಿ ಡೀಮನ್-ರೀಲೋಡ್ ಕೊಟ್ಟು, ಎಸ್‌ಎಸ್‌ಎಚ್ ಸಾಕೆಟ್ ರೀಸ್ಟಾರ್ಟ್ ಮಾಡಿದ ಮೇಲೆ ಬದಲಾಗುತ್ತದೆ. ನಿಜವಾಗಿ ಬದಲಾಯಿತೇ ಎಂದು ಎಸ್‌ಎಸ್ ಕಮಾಂಡ್‌ನಿಂದಲೇ ನೋಡಿ ಖಚಿತ ಮಾಡಿಕೊಳ್ಳಿ. ಎಸ್‌ಎಸ್‌ಎಚ್‌ಗೆ ಅನುಮತಿ ಕೊಡದೆ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಮಾಡಿ, ಹೊಸದಾಗಿ ಲಾಗಿನ್ ಆಗಲು ಪ್ರಯತ್ನಿಸಿ. ವರ್ಚುವಲ್ ಮಷಿನ್‌ಗೆ ಕನ್ಸೋಲ್ ಇದೆ, ಒಳಗೆ ಹೋಗಿ ಸರಿಮಾಡಬಹುದು.

ಇಂಟರ್‌ನೆಟ್ ಬಾರದಿದ್ದಾಗ ಕೆಳಗಿನಿಂದ ಮೇಲೆ ಹೋಗಿ: ಲಿಂಕ್ ಇದೆಯೇ, ಐಪಿ ಇದೆಯೇ, ಗೇಟ್‌ವೇ ಮುಟ್ಟುತ್ತದೆಯೇ, 8.8.8.8 (ಗೂಗಲ್‌ನ ಡಿಎನ್‌ಎಸ್ ಸರ್ವರ್) ಮುಟ್ಟುತ್ತದೆಯೇ. ಅದು ಮುಟ್ಟಿ ಹೆಸರಿನ ತಾಣ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಹಿಡಿಯಿರಿ.

ಡಿಸ್ಕ್‌ಗೂ ಒಂದು ಪ್ರಯೋಗ. 100 ಎಂಬಿಯ ಖಾಲಿ ಫೈಲ್ ಮಾಡಿ, ಅದನ್ನು ಇಎಕ್ಸ್‌ಟಿ4 ಎಂದು ಫಾರ್ಮ್ಯಾಟ್ ಮಾಡಿ ಮೌಂಟ್ ಮಾಡಿ. ಅದರೊಳಗೆ ಒಂದು ಲೂಪ್ ಬರೆದು 30,000 ಖಾಲಿ ಫೈಲ್ ಸೃಷ್ಟಿಸಲು ಹೊರಡಿ. ಸುಮಾರು 25 ಸಾವಿರದ ಹತ್ತಿರ ಜಾಗವಿಲ್ಲ ಎಂಬ ಎರರ್ ಬರುತ್ತದೆ. ‘ಡಿಎಫ್ -ಎಚ್’ ಕೊಟ್ಟರೆ ಬೇಕಾದಷ್ಟು ಜಾಗ ಕಾಣುತ್ತದೆ. ಈಗ ‘ಡಿಎಫ್ -ಐ’ ಕೊಡಿ: ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾದ ದಾಖಲೆ) 100% ಆಗಿರುತ್ತದೆ.