ಐಎಸ್‌ಬಿಎನ್ ಹಿಡಿದು ಊರಿನ ಗ್ರಂಥಾಲಯದ ಪಟ್ಟಿ ಮಾಡುವ ಕ್ರಮ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಮೇಲಾಗಲಿ, ಒಂದು ಹೈಸ್ಕೂಲಿನ, ಯುವಕ ಮಂಡಳದ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ಅದು ಆಮೇಲಿನ ಮಾತು. ಪ್ರತಿಯೊಂದು ಪುಸ್ತಕವನ್ನು ಯಾವ ಸಂಖ್ಯೆಯಿಂದ ಗುರುತಿಸುತ್ತೇವೆ ಎಂಬುದು ಅದಕ್ಕಿಂತ ಮೊದಲೇ ತೀರ್ಮಾನವಾಗಬೇಕು, ಏಕೆಂದರೆ ಸಾಫ್ಟ್‌ವೇರನ್ನು ನಾಳೆ ಬದಲಾಯಿಸಬಹುದು, ಸಾವಿರಾರು ಪುಸ್ತಕಗಳ ಮೇಲೆ ಬರೆದ ಸಂಖ್ಯೆಯನ್ನು ಬದಲಾಯಿಸುವುದು ಸುಲಭವಲ್ಲ.

ಪುಸ್ತಕದ ಹಿಂದಿನ ರಕ್ಷಾಪುಟದಲ್ಲಿ ಮುದ್ರಿತವಾಗಿರುವ ಐಎಸ್‌ಬಿಎನ್, ಅಂದರೆ ಅಂತಾರಾಷ್ಟ್ರೀಯ ಪ್ರಮಾಣಿತ ಪುಸ್ತಕ ಸಂಖ್ಯೆ, ಈ ಕೆಲಸಕ್ಕೆ ಸಿದ್ಧವಾಗಿಯೇ ಸಿಗುವ ಗುರುತು ಎಂದು ತೋರುವುದು ಸಹಜ. ಆದರೆ ಅದು ಗುರುತಿಸುವುದು ಒಂದು ಆವೃತ್ತಿಯನ್ನೇ ಹೊರತು ನಮ್ಮ ಕಪಾಟಿನಲ್ಲಿರುವ ಪ್ರತಿಯನ್ನಲ್ಲ. ಒಂದೇ ಕಾದಂಬರಿಯ ಐದು ಪ್ರತಿಗಳಿದ್ದರೆ ಐದರ ಮೇಲೂ ಅದೇ ಸಂಖ್ಯೆ ಇರುತ್ತದೆ. ಅವುಗಳಲ್ಲಿ ಯಾವುದು ಯಾರ ಮನೆಯಲ್ಲಿದೆ, ಯಾವುದರ ಹೊಲಿಗೆ ಬಿಟ್ಟಿದೆ, ಯಾವುದು ದಾನವಾಗಿ ಬಂದದ್ದು ಎಂಬುದನ್ನು ಆ ಸಂಖ್ಯೆ ಹೇಳಲಾರದು. ಅದನ್ನು ಹೇಳುವುದು ಗ್ರಂಥಾಲಯ ತಾನೇ ಕೊಡುವ ಪರಿಗ್ರಹಣ ಸಂಖ್ಯೆ. ಹಾಗಾಗಿ ಪ್ರತಿಯೊಂದು ಪ್ರತಿಗೂ ಒಂದರಿಂದ ಆರಂಭಿಸಿ ಕ್ರಮವಾಗಿ ಏರುವ ಪರಿಗ್ರಹಣ ಸಂಖ್ಯೆಯನ್ನು ಕೊಟ್ಟು, ಐಎಸ್‌ಬಿಎನ್‌ಗೆ ಬೇರೆಯೇ ಅಂಕಣ ಇಡುವುದು ಸರಿಯಾದ ಪದ್ಧತಿ. ಪುಸ್ತಕ ಕಳೆದುಹೋದರೂ, ರದ್ದಿಗೆ ಹೋದರೂ ಅದರ ಪರಿಗ್ರಹಣ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಕೂಡದು.

ಸಂಖ್ಯೆಯ ರಚನೆ ತಿಳಿದಿದ್ದರೆ ಕೆಲಸದ ನಡುವೆ ಬರುವ ಅರ್ಧ ಸಂಶಯಗಳು ತಾವಾಗಿ ತೀರುತ್ತವೆ. 1960ರ ದಶಕದಲ್ಲಿ ಬ್ರಿಟನ್ನಿನ ಪುಸ್ತಕ ವ್ಯಾಪಾರಕ್ಕಾಗಿ ರೂಪುಗೊಂಡ ಒಂಬತ್ತು ಅಂಕಿಗಳ ಪದ್ಧತಿ 1970ರಲ್ಲಿ ಹತ್ತು ಅಂಕಿಗಳ ಅಂತಾರಾಷ್ಟ್ರೀಯ ಪ್ರಮಾಣವಾಯಿತು, 2007ರ ಜನವರಿ 1ರಿಂದ ಹದಿಮೂರು ಅಂಕಿಗಳಿಗೆ ಬೆಳೆಯಿತು. ಹದಿಮೂರು ಅಂಕಿಗಳಲ್ಲಿ ಐದು ಭಾಗಗಳಿವೆ: 978 ಅಥವಾ 979 ಎಂಬ ಆರಂಭ, ದೇಶ ಅಥವಾ ಭಾಷಾ ವಲಯದ ಸಂಖ್ಯೆ, ಪ್ರಕಾಶಕರ ಸಂಖ್ಯೆ, ಪುಸ್ತಕದ ಸಂಖ್ಯೆ, ಕೊನೆಯಲ್ಲಿ ಒಂದು ಪರೀಕ್ಷಾ ಅಂಕಿ. ಭಾರತಕ್ಕೆ ಸೇರಿದವು 81 ಮತ್ತು 93. ಕಾರವಾರದ ಕಡೆಯ ಕಪಾಟುಗಳಲ್ಲಿ ಕನ್ನಡದ ಪಕ್ಕದಲ್ಲೇ ಮರಾಠಿ ಮತ್ತು ಕೊಂಕಣಿ ಪುಸ್ತಕಗಳಿರುವುದರಿಂದ ಇಲ್ಲಿ ಒಂದು ಎಚ್ಚರ ಬೇಕು. 81 ಎಂದರೆ ಭಾರತದಲ್ಲಿ ಪ್ರಕಟವಾದದ್ದು ಎಂದಷ್ಟೇ ತಿಳಿಯುತ್ತದೆ, ಭಾಷೆ ತಿಳಿಯುವುದಿಲ್ಲ. ಪಟ್ಟಿಯಲ್ಲಿ ಭಾಷೆಗೆ ಒಂದು ಅಂಕಣ, ಕೊಂಕಣಿಯನ್ನು ನಾಗರಿಯಲ್ಲೂ ಕನ್ನಡ ಅಕ್ಷರದಲ್ಲೂ ಬರೆಯುವುದರಿಂದ ಲಿಪಿಗೆ ಇನ್ನೊಂದು ಅಂಕಣ ಇಡಲೇಬೇಕು.

ಈ ಭಾಗಗಳ ಉದ್ದ ಪ್ರಕಾಶಕರಿಂದ ಪ್ರಕಾಶಕರಿಗೆ ಬದಲಾಗುವುದರಿಂದ ನಡುವಿನ ಅಡ್ಡಗೆರೆ ಎಲ್ಲಿ ಬೀಳಬೇಕೆಂದು ಊಹಿಸಲು ಹೋಗಬಾರದು. ಅಡ್ಡಗೆರೆಯನ್ನೂ ಖಾಲಿ ಜಾಗವನ್ನೂ ತೆಗೆದು ಹದಿಮೂರು ಅಂಕಿಗಳನ್ನು ಒಟ್ಟಾಗಿ ದಾಖಲಿಸುವುದೇ ಕ್ಷೇಮ. ಅಂಕಿಗಳು 1, 2, 3 ಎಂಬ ರೂಪದಲ್ಲೇ ಇರಲಿ. ಕನ್ನಡ ಅಂಕಿಗಳ ಮೇಲಿನ ಅಭಿಮಾನದಿಂದ ೯೭೮ ಎಂದು ಬರೆದರೆ ಓದುವವರಿಗೆ ತೊಂದರೆಯಿಲ್ಲ, ಆದರೆ ಬಾರ್‌ಕೋಡ್ ಸ್ಕ್ಯಾನರು ಕೊಡುವುದು ಇಂಗ್ಲಿಷ್ ಅಂಕಿಗಳನ್ನು, ಮತ್ತು ಕಂಪ್ಯೂಟರು ಇವೆರಡನ್ನೂ ಬೇರೆ ಬೇರೆಯೆಂದೇ ಎಣಿಸಿ ಹುಡುಕಾಟದಲ್ಲಿ ಕೈಬಿಡುತ್ತದೆ.

2007ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಹತ್ತು ಅಂಕಿಗಳ ಸಂಖ್ಯೆಯಿರುತ್ತದೆ. ಅದನ್ನು ಹದಿಮೂರಕ್ಕೆ ಬದಲಾಯಿಸಿ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಲೆಕ್ಕ ತೋರಿಸುವುದಕ್ಕೆಂದೇ ಹೆಣೆದ 81-123-4567-8 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಮೊದಲು ಅದು ಸರಿಯೇ ಎಂದು ನೋಡಬೇಕು: ಎಡದಿಂದ ಒಂದೊಂದೇ ಅಂಕಿಯನ್ನು 10, 9, 8 ಹೀಗೆ ಇಳಿಯುತ್ತ 1ರವರೆಗೆ ಗುಣಿಸಿ ಕೂಡಿದರೆ 209 ಬರುತ್ತದೆ, ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆ ಸರಿ. ಈಗ ಕೊನೆಯ 8ನ್ನು ಬಿಟ್ಟು ಮುಂದೆ 978 ಸೇರಿಸಿದರೆ 978811234567 ಎಂಬ ಹನ್ನೆರಡು ಅಂಕಿಗಳಾಗುತ್ತವೆ. ಬೆಸ ಸ್ಥಾನದ ಅಂಕಿಗಳ ಮೊತ್ತ 30, ಸಮ ಸ್ಥಾನದ ಅಂಕಿಗಳ ಮೊತ್ತ 31. ಎರಡನೆಯದನ್ನು 3ರಿಂದ ಗುಣಿಸಿದರೆ 93, ಎಲ್ಲ ಕೂಡಿ 123. ಮುಂದಿನ ಹತ್ತರ ಗುಣಕವಾದ 130ಕ್ಕೆ 7 ಕಡಿಮೆಯಿರುವುದರಿಂದ ಪರೀಕ್ಷಾ ಅಂಕಿ 7, ಪೂರ್ಣ ಸಂಖ್ಯೆ 9788112345677. ಹಳೆಯ ಪರೀಕ್ಷಾ ಅಂಕಿಯನ್ನು ಹಾಗೆಯೇ ಉಳಿಸಿಕೊಂಡು ಮುಂದೆ 978 ಅಂಟಿಸಿದ ಪಟ್ಟಿಗಳು ಸಾಕಷ್ಟು ಕಣ್ಣಿಗೆ ಬೀಳುತ್ತವೆ. ಅಂಥ ಸಂಖ್ಯೆಗಳು ಬಹುಪಾಲು ತಪ್ಪೇ. ಹತ್ತು ಅಂಕಿಗಳ ಸಂಖ್ಯೆಯ ಕೊನೆಯಲ್ಲಿ ಎಕ್ಸ್ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಅದು ಅಚ್ಚಿನ ದೋಷವಲ್ಲ, ರೋಮನ್ ಹತ್ತು ಎಂದು ತಿಳಿಯಬೇಕು.

ಈ ಲೆಕ್ಕವನ್ನು ಪ್ರತಿ ಪುಸ್ತಕಕ್ಕೂ ಕೈಯಿಂದ ಮಾಡುವ ಅಗತ್ಯವಿಲ್ಲ, ಸ್ಪ್ರೆಡ್‌ಶೀಟಿನಲ್ಲಿ ಒಮ್ಮೆ ಸೂತ್ರ ಬರೆದರೆ ಸಾಕು. ಟೈಪು ಮಾಡುವಾಗ ಒಂದು ಅಂಕಿ ತಪ್ಪಿದರೆ ಆ ಸೂತ್ರ ಖಂಡಿತ ಹಿಡಿಯುತ್ತದೆ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಸಾಮಾನ್ಯವಾಗಿ ಹಿಡಿಯುತ್ತದೆ, ಆದರೆ ಅವುಗಳ ನಡುವಿನ ಅಂತರ ಸರಿಯಾಗಿ 5 ಇದ್ದರೆ, ಅಂದರೆ 27ರ ಬದಲು 72 ಅಥವಾ 16ರ ಬದಲು 61 ಎಂದಾದರೆ, ಹದಿಮೂರು ಅಂಕಿಗಳ ಪರೀಕ್ಷೆ ಅದನ್ನು ಗುರುತಿಸಲಾರದು. ಹಳೆಯ ಹತ್ತು ಅಂಕಿಗಳ ಪರೀಕ್ಷೆಗೆ ಈ ಕೊರತೆ ಇರಲಿಲ್ಲ. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಸ್ಕ್ಯಾನ್ ಮಾಡುವುದೇ ಮೇಲು.

ಸ್ಕ್ಯಾನ್ ಮಾಡಲು ಮೊಬೈಲೇ ಸಾಕು. ದೊಡ್ಡ ಸಂಗ್ರಹಕ್ಕಾದರೆ ಯುಎಸ್‌ಬಿ ಸ್ಕ್ಯಾನರು ಅನುಕೂಲ, ಅದು ಕೀಬೋರ್ಡಿನಂತೆಯೇ ವರ್ತಿಸುವುದರಿಂದ ಬೇರೆ ಸಾಫ್ಟ್‌ವೇರ್ ಬೇಕಾಗುವುದಿಲ್ಲ. ಬಂದ ಸಂಖ್ಯೆ 978 ಅಥವಾ 979ರಿಂದ ಆರಂಭವಾಗಿರದಿದ್ದರೆ ನೀವು ಓದಿಸಿದ್ದು ಅಂಗಡಿಯವರು ಅಂಟಿಸಿದ ಚೀಟಿಯನ್ನಾಗಿರಬಹುದು. 977ರಿಂದ ಆರಂಭವಾದರೆ ಅದು ನಿಯತಕಾಲಿಕ. ಮಾಸಪತ್ರಿಕೆ, ತ್ರೈಮಾಸಿಕಗಳಿಗೆ ಎಂಟು ಅಂಕಿಗಳ ಐಎಸ್‌ಎಸ್‌ಎನ್ ಎಂಬ ಬೇರೆ ಸಂಖ್ಯೆಯಿದೆ, ಅವಕ್ಕೆ ಬೇರೆ ಪಟ್ಟಿ ಇಡಬೇಕು.

ಸ್ಪ್ರೆಡ್‌ಶೀಟಿನಲ್ಲಿ ಐಎಸ್‌ಬಿಎನ್ ಅಂಕಣವನ್ನು ಮೊದಲೇ ಅಕ್ಷರ ರೂಪಕ್ಕೆ, ಅಂದರೆ ಟೆಕ್ಸ್ಟ್ ಎಂದು, ಹೊಂದಿಸಬೇಕು. ಇಲ್ಲವಾದರೆ ಹದಿಮೂರು ಅಂಕಿಗಳನ್ನು ಯಂತ್ರ ಒಂದು ದೊಡ್ಡ ಮೊತ್ತವೆಂದು ತಿಳಿದು ಹತ್ತರ ಘಾತವಾಗಿ ತೋರಿಸುತ್ತದೆ, ಸೊನ್ನೆಯಿಂದ ಆರಂಭವಾಗುವ ಹಳೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆಯಲ್ಲಿ ಮೊದಲ ಸೊನ್ನೆಯನ್ನೇ ನುಂಗುತ್ತದೆ. ಹೀಗೆ ಕೆಟ್ಟ ಕಡತವನ್ನು ಒಮ್ಮೆ ಉಳಿಸಿದ ಮೇಲೆ ಸರಿಪಡಿಸಲು ಪುಸ್ತಕಗಳನ್ನೇ ಮತ್ತೆ ಕೆಳಗಿಳಿಸಬೇಕಾಗಬಹುದು. ಕೆಲವು ನೂರು ಪುಸ್ತಕಗಳಿಗೆ ಸ್ಪ್ರೆಡ್‌ಶೀಟು ಧಾರಾಳವಾಗಿ ಸಾಕು. ಸಂಗ್ರಹ ದೊಡ್ಡದಾಗಿದ್ದು ಎರವಲು ಲೆಕ್ಕವೂ ಬೇಕಾದರೆ ಉಚಿತವಾಗಿ ಸಿಗುವ ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಇದೆ, ಸರ್ಕಾರಿ ಗ್ರಂಥಾಲಯಗಳಿಗೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ ಎಂಬುದಿದೆ. ಮುಂದೆ ಅವುಗಳಿಗೆ ಹೋಗುವ ಯೋಚನೆಯಿದ್ದರೆ ಪುಸ್ತಕದ ವಿವರಗಳನ್ನು ಕಂಪ್ಯೂಟರು ಓದುವಂತೆ ಬರೆದಿಡಲು ಗ್ರಂಥಾಲಯಗಳು ಬಳಸುವ ಮಾರ್ಕ್ ಎಂಬ ದಾಖಲೆಯಲ್ಲಿ ಐಎಸ್‌ಬಿಎನ್‌ನ ಕ್ಷೇತ್ರ 020, ಶೀರ್ಷಿಕೆಯದು 245 ಎಂಬುದನ್ನು ಅಂಕಣಗಳ ತಲೆಯಲ್ಲೇ ಗುರುತು ಹಾಕಿಕೊಂಡರೆ ಆಗ ಶ್ರಮ ಉಳಿಯುತ್ತದೆ.

ಸಂಖ್ಯೆ ಕೊಟ್ಟರೆ ಶೀರ್ಷಿಕೆ, ಲೇಖಕ, ಪ್ರಕಾಶಕರ ವಿವರಗಳನ್ನು ತುಂಬಿಕೊಡುವ ಸೌಲಭ್ಯ ಗೂಗಲ್ ಬುಕ್ಸ್, ಓಪನ್ ಲೈಬ್ರರಿಗಳಲ್ಲಿದೆ. ಇಂಗ್ಲಿಷ್ ಪುಸ್ತಕಗಳಿಗೆ ಇದು ನಿಜವಾಗಿಯೂ ಕೆಲಸ ಇಳಿಸುತ್ತದೆ. ಕನ್ನಡಕ್ಕೆ ಇದನ್ನೇ ನಂಬಿಕೊಂಡು ಕೂರಬಾರದು: ಎಷ್ಟೋ ಪುಸ್ತಕಗಳು ಸಿಗುವುದೇ ಇಲ್ಲ, ಸಿಕ್ಕವೂ ಇಂಗ್ಲಿಷ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದದ್ದಾಗಿರುತ್ತವೆ. ಪುಸ್ತಕದ ಶೀರ್ಷಿಕೆ ಪುಟವನ್ನು ತೆರೆದು, ಅಲ್ಲಿರುವಂತೆಯೇ ಕನ್ನಡದಲ್ಲಿ ಟೈಪು ಮಾಡುವುದಕ್ಕೆ ಬದಲಿ ಇಲ್ಲ.

ಲೇಖಕರ ಹೆಸರಿನಲ್ಲಿ ನಮ್ಮ ಜಿಲ್ಲೆಯ ಗೋಜಲು ಸ್ವಲ್ಪ ಹೆಚ್ಚೇ. ಕಾಯ್ಕಿಣಿ ಎಂದಷ್ಟೇ ಬರೆದರೆ ತಂದೆ ಗೌರೀಶರೋ ಮಗ ಜಯಂತರೋ ತಿಳಿಯುವುದಿಲ್ಲ, ಚಿತ್ತಾಲ ಎಂದರೆ ಹನೇಹಳ್ಳಿಯ ಸೋದರರಾದ ಗಂಗಾಧರ, ಯಶವಂತರಲ್ಲಿ ಯಾರೆಂದು ತಿಳಿಯುವುದಿಲ್ಲ. ಹೆಗಡೆ ಮತ್ತು ಹೆಗ್ಡೆ, ಭಟ್ ಮತ್ತು ಭಟ್ಟ, ಹೆಸರಿನ ಮುಂದಿನ ಅಕ್ಷರಗಳ ನಡುವೆ ಚುಕ್ಕೆ ಇರುವುದು ಇಲ್ಲದಿರುವುದು, ಇವೆಲ್ಲ ಒಬ್ಬರನ್ನೇ ಮೂವರನ್ನಾಗಿ ಮಾಡುತ್ತವೆ. ಪ್ರತಿ ಲೇಖಕರಿಗೂ ಒಂದೇ ರೂಪವನ್ನು ಗೊತ್ತುಮಾಡಿ, ಬೇರೆ ಹಾಳೆಯಲ್ಲಿ ಬರೆದಿಟ್ಟು, ಟೈಪು ಮಾಡುವವರೆಲ್ಲ ಅದನ್ನೇ ನೋಡಿ ಬರೆಯಬೇಕು. ಐಎಸ್‌ಬಿಎನ್‌ನ ದೊಡ್ಡ ಉಪಕಾರ ತಿಳಿಯುವುದು ಇಲ್ಲಿಯೇ. ಇಬ್ಬರು ಎರಡು ರೀತಿಯಲ್ಲಿ ಹೆಸರು ಬರೆದಿದ್ದರೂ ಸಂಖ್ಯೆಯ ಪ್ರಕಾರ ಪಟ್ಟಿಯನ್ನು ಜೋಡಿಸಿದ ಕೂಡಲೇ ಒಂದೇ ಪುಸ್ತಕದ ಸಾಲುಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ, ತಪ್ಪು ಕಣ್ಣಿಗೆ ಬೀಳುತ್ತದೆ. ನಿವೃತ್ತ ಮಾಸ್ತರರ ಮನೆಯಿಂದ ದಾನವಾಗಿ ಬಂದ ಪುಸ್ತಕಗಳಲ್ಲಿ ಯಾವುವು ಈಗಾಗಲೇ ನಮ್ಮಲ್ಲಿವೆ ಎಂದು ನೋಡುವುದಕ್ಕೂ, ಪ್ರಕಾಶಕರಿಗೆ ಇಂಥದೇ ಆವೃತ್ತಿ ಬೇಕೆಂದು ಬರೆಯುವುದಕ್ಕೂ ಇದೇ ದಾರಿ.

ಆವೃತ್ತಿಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಗಟ್ಟಿ ರಟ್ಟಿನದಕ್ಕೆ, ತೆಳು ರಕ್ಷಾಪುಟದ್ದಕ್ಕೆ, ಇ-ಪುಸ್ತಕಕ್ಕೆ ಬೇರೆ ಬೇರೆ ಸಂಖ್ಯೆ. ಪರಿಷ್ಕೃತ ಆವೃತ್ತಿಗೆ ಹೊಸ ಸಂಖ್ಯೆ. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಅಥವಾ ಬೆಲೆ ಏರಿದ್ದಕ್ಕೆ ಹೊಸದು ಬೇಕಿಲ್ಲ. ಸಂಪುಟಗಳಲ್ಲಿ ಬರುವ ಕೃತಿಗೆ ಇಡೀ ಮಾಲೆಯದೊಂದು, ಸಂಪುಟದ್ದೊಂದು ಎಂದು ಎರಡು ಸಂಖ್ಯೆ ಅಚ್ಚಾಗಿರಬಹುದು, ಆಗ ಎರಡನ್ನೂ ಬರೆದು ಯಾವುದು ಯಾವುದೆಂದು ನಮೂದಿಸಬೇಕು. ಒಂದು ಸಂಖ್ಯೆ ಎರಡು ಬೇರೆ ಪುಸ್ತಕಗಳ ಮೇಲಿರುವುದು ಅಥವಾ ಪರೀಕ್ಷೆಗೆ ನಿಲ್ಲದ ಸಂಖ್ಯೆ ಅಚ್ಚಾಗಿರುವುದು ಅಪರೂಪವಲ್ಲ. ಅದನ್ನು ನಾವೇ ತಿದ್ದಿ ಬರೆಯುವ ಬದಲು ಪುಸ್ತಕದಲ್ಲಿ ಹೀಗಿದೆ ಎಂದು ಷರಾ ಸಹಿತ ದಾಖಲಿಸಬೇಕು.

ಇಷ್ಟಾದರೂ ಕಪಾಟಿನ ದೊಡ್ಡ ಭಾಗ ಉಳಿದೇ ಇರುತ್ತದೆ. 1970ಕ್ಕಿಂತ ಮೊದಲಿನ ಪುಸ್ತಕಗಳಿಗೆ ಈ ಸಂಖ್ಯೆ ಇರುವುದು ಸಾಧ್ಯವೇ ಇಲ್ಲ. ಆನಂತರದವುಗಳಲ್ಲೂ ಲೇಖಕರೇ ಅಚ್ಚು ಹಾಕಿಸಿದ ಕವನ ಸಂಕಲನ, ಶತಮಾನೋತ್ಸವದ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಪಿನ್ ಹೊಡೆದ ಯಕ್ಷಗಾನ ಪ್ರಸಂಗದ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಸಂಖ್ಯೆ ಇಲ್ಲ. ಹೊರಗೆ ಎಲ್ಲೂ ಸಿಗದಿರುವುದು ಇವೇ, ಆದ್ದರಿಂದ ಪಟ್ಟಿಯನ್ನು ಇವುಗಳಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಖಾಲಿ ಅಂಕಣವನ್ನು ತುಂಬುವುದಕ್ಕಾಗಿ 978ರಿಂದ ಆರಂಭವಾಗುವ ಸಂಖ್ಯೆಯನ್ನು ಕಲ್ಪಿಸಿ ಬರೆಯುವುದು ಸರ್ವಥಾ ಕೂಡದು. ಅದು ಇನ್ನಾವುದೋ ಪುಸ್ತಕದ ಸಂಖ್ಯೆಯಾಗಿದ್ದರೆ ಪಟ್ಟಿಯೇ ಸುಳ್ಳಾಗುತ್ತದೆ. ಅಂಕಣವನ್ನು ಖಾಲಿ ಬಿಟ್ಟು, ಶೀರ್ಷಿಕೆ, ಲೇಖಕ, ಪ್ರಕಾಶಕ, ಊರು, ವರ್ಷ, ಪುಟಗಳ ಸಂಖ್ಯೆ ಇವಿಷ್ಟನ್ನೂ ಎಚ್ಚರದಿಂದ ಬರೆಯಬೇಕು. ಪ್ರಸಂಗ ಪುಸ್ತಕಗಳಲ್ಲಿ ಒಂದೇ ಕಥೆಯನ್ನು ಬೇರೆ ಬೇರೆ ಕವಿಗಳು ಬರೆದಿರುವುದರಿಂದ ಕವಿಯ ಹೆಸರು ಮತ್ತು ಪುಟಗಳ ಲೆಕ್ಕ ಇಲ್ಲದೆ ಎರಡನ್ನು ಬೇರ್ಪಡಿಸುವುದು ಆಗದ ಮಾತು.

ಪರಿಗ್ರಹಣ ಸಂಖ್ಯೆಯನ್ನು ಬಾರ್‌ಕೋಡ್ ಚೀಟಿಯಾಗಿ ಅಂಟಿಸುವುದು ಒಳ್ಳೆಯದೇ. ಆದರೆ ನಮ್ಮ ಮಳೆಗಾಲದಲ್ಲಿ ಚೀಟಿಯ ಅಂಟು ಬಿಡುತ್ತದೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ಕಾಗದವನ್ನೇ ತಿನ್ನುತ್ತದೆ. ಆದ್ದರಿಂದ ಅದೇ ಸಂಖ್ಯೆಯನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮತ್ತು ಒಳಗಿನ ಒಂದು ನಿಗದಿತ ಪುಟದಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ. ಕಾಗದದ ಪರಿಗ್ರಹಣ ರಿಜಿಸ್ಟರನ್ನೂ ಮುಂದುವರಿಸಬೇಕು. ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಪುಸ್ತಕ ಕೊಡುವುದು ನಿಲ್ಲಬಾರದಷ್ಟೇ. ಪಟ್ಟಿಯೊಡನೆ ಪುಸ್ತಕಗಳನ್ನು ವರ್ಷಕ್ಕೊಮ್ಮೆ ತಾಳೆ ನೋಡುವುದನ್ನು ಮೇ ತಿಂಗಳಲ್ಲಿ ಮುಗಿಸಿದರೆ ಪುಸ್ತಕಗಳನ್ನು ಒಣಗಿಸಿ ಒರೆಸುವ ಕೆಲಸವೂ ಜೊತೆಗೇ ಆಗುತ್ತದೆ.

ಇನ್ನು ಊರಿನಲ್ಲಿಯೇ ಪುಸ್ತಕ ಹೊರತರುವವರಿಗೆ. ಭಾರತದಲ್ಲಿ ಐಎಸ್‌ಬಿಎನ್ ಕೊಡುವುದು ದೆಹಲಿಯಲ್ಲಿರುವ, ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಅರ್ಜಿಯನ್ನು ಅಂತರ್ಜಾಲದಲ್ಲೇ ಸಲ್ಲಿಸಬಹುದು, ಶುಲ್ಕವಿಲ್ಲ, ಲೇಖಕರು ಸ್ವಂತವಾಗಿ ಪ್ರಕಟಿಸುವುದಾದರೂ ಸಿಗುತ್ತದೆ. ಹಣ ತೆಗೆದುಕೊಂಡು ಸಂಖ್ಯೆ ಮಾಡಿಸಿಕೊಡುತ್ತೇವೆ ಎನ್ನುವವರ ಹಂಗು ಬೇಡ. ಸಂಖ್ಯೆ ಸಿಕ್ಕಿತೆಂದರೆ ಹಕ್ಕುಸ್ವಾಮ್ಯ ಸಿಕ್ಕಿತೆಂದಾಗಲಿ, ಸರ್ಕಾರ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟಿತೆಂದಾಗಲಿ ಅರ್ಥವಲ್ಲ. ಅರ್ಜಿಯನ್ನು ಅಚ್ಚಿಗೆ ಹೋಗುವ ಮೊದಲೇ ಹಾಕಿ, ಬಂದ ಸಂಖ್ಯೆಯನ್ನು ಮುದ್ರಣ ವಿವರದ ಪುಟದಲ್ಲೂ ಹಿಂದಿನ ರಕ್ಷಾಪುಟದಲ್ಲೂ ಹಾಕಿಸಬೇಕು. ಬಾರ್‌ಕೋಡಿನ ಸಾಮಾನ್ಯ ಅಗಲ ಸುಮಾರು 37 ಮಿಲಿಮೀಟರ್. ಅದನ್ನು ಶೇಕಡಾ 80ಕ್ಕಿಂತ ಕುಗ್ಗಿಸಬಾರದೆಂದೂ, ಬಿಳಿಯ ಮೇಲೆ ಕಪ್ಪು ಗೆರೆಯೇ ಇರಲೆಂದೂ ಮುದ್ರಕರಿಗೆ ಮೊದಲೇ ಹೇಳಿಡಬೇಕು, ಏಕೆಂದರೆ ರಕ್ಷಾಪುಟದ ಅಂದಕ್ಕೆಂದು ಗೆರೆಗಳನ್ನು ಕೆಂಪಾಗಿಸಿದರೆ ಕೆಂಪು ಬೆಳಕಿನಲ್ಲಿ ಓದುವ ಸ್ಕ್ಯಾನರಿಗೆ ಅವು ಕಾಣುವುದೇ ಇಲ್ಲ.