ಸಮೀಕರಣದಲ್ಲೇ ಬೀಗ ತೂಗಿದೆವು

ನನ್ನ ಮನೆಪಾಠದ ಒಂಬತ್ತನೇ ತರಗತಿ ಮಕ್ಕಳು ಸ್ಪ್ರಿಂಗ್‌ಗೆ ಬೀಗ ನೇತುಹಾಕಿ, ಸರಳರೇಖೆಯ ಸಮೀಕರಣ y = mx + c ಬಳಸಿ ಅದರ ತೂಕ 209 ಗ್ರಾಂ ಅಂತ ಲೆಕ್ಕ ಹಾಕಿದರು. ಪಕ್ಕದ ದಿನಸಿ ಅಂಗಡಿಯ ತಕ್ಕಡಿ 210 ತೋರಿಸಿತು. "ಸ್ಪ್ರಿಂಗ್ ಹಿಡ್ಕೊಂಡು ಕೂತ್ರೆ ಪೋರ್ಷನ್ ಯಾವಾಗ ಮುಗಿಸ್ತೀರಾ ಮೇಷ್ಟ್ರೇ?" ಅನ್ನುತ್ತಿದ್ದ ಪೋಷಕರೊಬ್ಬರು ಅಲ್ಲೇ ಇದ್ದರು. ನಂಬಿಕೆ ಬರದೆ ತಾವೇ ಇನ್ನೊಂದು ಸಲ ಬೀಗ ಇಟ್ಟು ನೋಡಿದರು.

ಮೊದಲು ಸ್ಪ್ರಿಂಗ್ ಬದಲು ರಬ್ಬರ್ ಬ್ಯಾಂಡ್ ಹಿಡಿದಿದ್ದೆ. ಎರಡು ವಾರ ಹಾಳಾಯಿತು. ತೂಕ ಏರಿಸುವಾಗ ಒಂದು ಉದ್ದ, ಇಳಿಸುವಾಗ ಇನ್ನೊಂದು. ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳೆಲ್ಲ ಬಾಗಿಕೊಂಡವು. ತೂಕದ ಕಲ್ಲಿನ ಸೆಟ್‌ಗೆ ಆರುನೂರು ಚಿಲ್ಲರೆ ಸುರಿದೆ, ಅದು ಬೇಕೇ ಇರಲಿಲ್ಲ. ಮರಳನ್ನು 50 ಗ್ರಾಂನಂತೆ ತೂಗಿಸಿ ಪೊಟ್ಟಣ ಕಟ್ಟಿದರೆ ಸಾಕು. ಸ್ಪ್ರಿಂಗ್ ಒಂದಕ್ಕೆ ನಲವತ್ತು ರೂಪಾಯಿ ಇರಬೇಕು. ಮೊದಲಿನ ಎರಡು ಅರ್ಧ ಕೆಜಿಗೂ ಜಗ್ಗಲಿಲ್ಲ, ಮೂರನೆಯದು ಕೈಹಿಡಿಯಿತು.

100 ಗ್ರಾಂಗೆ ಉದ್ದ 14.6 ಸೆಂ.ಮೀ., 300ಕ್ಕೆ 19. ಇಳಿಜಾರು (m), ಅಂದರೆ ಒಂದು ಗ್ರಾಂಗೆ ಉದ್ದ ಎಷ್ಟು ಹೆಚ್ಚುತ್ತೆ ಅನ್ನೋದು, 4.4 ಭಾಗಿಸು 200, ಅಂದರೆ 0.022. ಸಿ (c), ಅಂದರೆ ತೂಕ ಸೊನ್ನೆ ಇದ್ದಾಗ ರೇಖೆ ತೋರಿಸುವ ಉದ್ದ, 12.4. ಬೀಗ ನೇತುಹಾಕಿದಾಗ 17 ಬಂತು, ಉಳಿದದ್ದು ಮಕ್ಕಳೇ ಮಾಡಿದರು. ಯಾವ ಎರಡು ಚುಕ್ಕೆ ಆರಿಸಬೇಕು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಇನ್ನೊಂದು ಬ್ಯಾಚ್‌ನಲ್ಲಿ ನೋಡಿ ಆಮೇಲೆ ಹೇಳುತ್ತೇನೆ.

ಆದರೆ ನನ್ನನ್ನು ಕಾಡಿದ್ದು ಸಿ. ತೂಕ ಸೊನ್ನೆ ಇದ್ದಾಗ ಉದ್ದ 12.4 ಇರಬೇಕು, ಅಲ್ವಾ? ಖಾಲಿ ಸ್ಪ್ರಿಂಗ್ ಅಳೆದರೆ 13.3! ಸ್ಕೇಲ್ ಬದಲಾಯಿಸಿದೆ, ಮೊಳೆ ಬದಲಾಯಿಸಿದೆ. ಒಂದು ರಾತ್ರಿ ಒಂದೊಂದೇ ಚಮಚ ಮರಳು ಹಾಕುತ್ತಾ ಕೂತೆ. ಸುಮಾರು 40 ಗ್ರಾಂವರೆಗೆ ಸ್ಪ್ರಿಂಗ್ ಅಲ್ಲಾಡಲೇ ಇಲ್ಲ. ಸುರುಳಿಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿದ್ದವು. ಅವು ಬಿಟ್ಟುಕೊಂಡ ಮೇಲೇ ನಮ್ಮ ರೇಖೆ ಶುರು. ಅಷ್ಟು ಖುಷಿ ನನಗೆ ಗಣಿತದಲ್ಲಿ ಸಿಕ್ಕಿ ಬಹಳ ವರ್ಷವಾಗಿತ್ತು.

ನಡುವೆ ಮೇಣದಬತ್ತಿ ಉರಿಸಿ ಋಣ ಇಳಿಜಾರೂ, ಅಂದರೆ ಕೆಳಗಿಳಿಯುವ ರೇಖೆಯನ್ನೂ ತೋರಿಸಿದೆ. ಹತ್ತು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಸೆಂ.ಮೀ. ಇಳಿಯಿತು. ಫ್ಯಾನ್ ಆರಿಸಿ ಮಾಡಿ, ಇಲ್ಲದಿದ್ದರೆ ಬತ್ತಿ ಒಂದೇ ಕಡೆ ಕರಗುತ್ತೆ.

ಆಮೇಲೆ ಬೆಂಗಳೂರಿನ ಆಟೋ ದರ ಕೊಟ್ಟೆ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಮುಂದೆ ಕಿ.ಮೀ.ಗೆ 18. 2ಕ್ಕೆ 36, 5ಕ್ಕೆ 90. ಸಿ ಸೊನ್ನೆ ಬಂತು. "ಆದ್ರೆ ಹತ್ತಿ ಕೂತ ತಕ್ಷಣವೇ 36 ಅಲ್ವಾ ಸರ್?" ಅಂತ ಒಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಹುಡುಗಿ ಗೋಡೆಯ ಸ್ಪ್ರಿಂಗ್ ಕಡೆ ಕೈ ತೋರಿಸಿದಳು. "ಅದೂ 40 ಗ್ರಾಂವರೆಗೆ ಹಿಂಗೇ ಇತ್ತಲ್ಲ!"